ಟಿವಿಗೆ ಪೋರ್ಟಬಲ್ ಸ್ಪೀಕರ್ ಜೋಡಣೆ

ಟಿವಿಯ ಧ್ವನಿಯನ್ನು ಅದರ ಒಳಗಿನ ಸ್ಪೀಕರ್‌ಗಳಿಂದ ಬಿಡಿಸಿ, ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಎತ್ತಿಕೊಂಡು ಎಲ್ಲಿ ಬೇಕಾದರೂ ಇಡಬಹುದಾದ ಸಣ್ಣ ಸ್ಪೀಕರ್ ಒಂದಕ್ಕೆ ಹಾಯಿಸುವ ವ್ಯವಸ್ಥೆ. ವೈರ್ ಮತ್ತು ಬ್ಲೂಟೂತ್ ಇದರ ಎರಡು ಮುಖ್ಯ ದಾರಿಗಳು. ಸೌಂಡ್‌ಬಾರ್, ಹೋಂ ಥಿಯೇಟರ್‌ಗಳು ಟಿವಿಗೆಂದೇ ತಯಾರಾದವು. ಪೋರ್ಟಬಲ್ ಸ್ಪೀಕರ್ ಬಂದದ್ದು ಮೊಬೈಲ್ ಫೋನಿನ ಬೆನ್ನಿಗೆ, ಹಾಡು ಕೇಳುವುದಕ್ಕಾಗಿ. ಚಿತ್ರದ ಜೊತೆ ಹೆಜ್ಜೆ ಹಾಕುವ ಹೊಣೆ ಅದಕ್ಕೆ ಮೊದಲು ಇರಲಿಲ್ಲ. ಜೋಡಿಸುವಾಗ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬರುತ್ತವೆ. ಹಾಗಿದ್ದರೂ ಗೋಡೆಗೆ ಅಂಟಿದ ಬೇರೆ ಯಾವ ಸಾಧನಕ್ಕೂ ಇಲ್ಲದ ಒಂದು ಗುಣ ಇದಕ್ಕಿದೆ: ಕೇಳುವವರ ಹತ್ತಿರಕ್ಕೇ ಇದನ್ನು ಒಯ್ಯಬಹುದು. ಈ ಜೋಡಣೆಯ ನಿಜವಾದ ಲಾಭ ಆ ಹತ್ತಿರದಲ್ಲಿದೆ. ಸ್ಪೀಕರಿನ ವ್ಯಾಟ್ ಲೆಕ್ಕ ಆಮೇಲಿನ ಮಾತು.

ತೆಳು ಟಿವಿಯ ಧ್ವನಿ

1980ರ ದಶಕದಲ್ಲಿ ಮನೆಗಳಿಗೆ ಬಂದ ಡಯನೋರಾ, ಸಾಲಿಡೇರ್‌ನಂಥ ಟಿವಿಗಳು ದೊಡ್ಡ ಪೆಟ್ಟಿಗೆಗಳಾಗಿದ್ದವು. ಪಿಕ್ಚರ್ ಟ್ಯೂಬಿಗಾಗಿ ಹೇಗೂ ಆಳವಾದ ಪೆಟ್ಟಿಗೆ ಬೇಕಿತ್ತು. ಅದರ ಮುಂಭಾಗದಲ್ಲೇ, ಪರದೆಯ ಪಕ್ಕದಲ್ಲಿ, ನೋಡುವವರ ಮುಖಕ್ಕೆ ಎದುರಾಗಿ ಸ್ಪೀಕರ್ ಕೂರುತ್ತಿತ್ತು. ಎಲ್‌ಸಿಡಿ ಮತ್ತು ಎಲ್‌ಇಡಿ ಟಿವಿಗಳು ಬಂದಮೇಲೆ ಪೆಟ್ಟಿಗೆ ಹಲಗೆಯಾಯಿತು, ಪರದೆಯ ಸುತ್ತಲಿನ ಅಂಚೂ ಕರಗುತ್ತ ಹೋಯಿತು. ಮುಂಭಾಗದಲ್ಲಿ ಸ್ಪೀಕರಿಗೆ ಜಾಗವೇ ಉಳಿಯಲಿಲ್ಲ. ಈಗಿನ ಬಹುಪಾಲು ಟಿವಿಗಳಲ್ಲಿ ಅದು ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತದೆ. ಧ್ವನಿ ಮೊದಲು ಮೇಜಿಗೆ ಅಥವಾ ಗೋಡೆಗೆ ಬಡಿದು, ಅಲ್ಲಿಂದ ಚದುರಿ ನಮ್ಮ ಕಿವಿಗೆ ಬರುತ್ತದೆ.

ಹೀಗೆ ಚದುರಿದ ಧ್ವನಿಯಲ್ಲಿ ಮೊದಲು ಪೆಟ್ಟು ಬೀಳುವುದು ವ್ಯಂಜನಗಳಿಗೆ. ಮಾತಿನ ಗಟ್ಟಿತನವನ್ನು ಹೊರುವುದು ಸ್ವರಗಳು. ಅವುಗಳ ಶಕ್ತಿ ಕಡಿಮೆ ಆವೃತ್ತಿಗಳಲ್ಲಿದೆ. ಮಾತಿನ ಅರ್ಥವನ್ನು ಬಿಡಿಸಿಕೊಡುವುದು ವ್ಯಂಜನಗಳು. ‘ಸ’, ‘ಶ’ಗಳಂಥ ಅಕ್ಷರಗಳ ಗುರುತು 2,000 ಹರ್ಟ್ಸ್‌ಗಿಂತ ಮೇಲೆಯೇ ಹೆಚ್ಚಾಗಿ ಇರುತ್ತದೆ. ‘ಹಾಲು’, ‘ಸಾಲು’, ‘ಕಾಲು’ ಮೂರರಲ್ಲೂ ಗಟ್ಟಿಯಾಗಿ ಕೇಳುವ ಭಾಗ ಒಂದೇ; ಮೊದಲ ಕ್ಷಣದ ಆ ಸಣ್ಣ ಸದ್ದು ತಪ್ಪಿದರೆ ಮೂರೂ ಒಂದೇ ಆಗಿಬಿಡುತ್ತವೆ. ‘ಸೌಂಡ್ ಕೇಳ್ತದೆ, ಮಾತು ತಿಳಿಯಲ್ಲ’ ಎಂದು ಮನೆಯ ಹಿರಿಯರು ಹೇಳುವುದರ ಹಿಂದೆ ಈ ಕಾರಣವಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಮೇಲಿನ ಆವೃತ್ತಿಗಳನ್ನೇ. ಫ್ಯಾನಿನ ಗಾಳಿ, ಅಡುಗೆಮನೆಯ ಮಿಕ್ಸಿ, ಬೀದಿಯ ವಾಹನಗಳು ಇದರ ಮೇಲೆ ಸೇರಿಕೊಳ್ಳುತ್ತವೆ. ಆಗ ರಿಮೋಟಿನಲ್ಲಿ ವಾಲ್ಯೂಮ್ ಏರಿಸಿದರೆ ಗಟ್ಟಿಯಾಗುವುದು ಸ್ವರಗಳೇ. ಮಾತಿನ ಸ್ಪಷ್ಟತೆ ಅಷ್ಟಾಗಿ ಹೆಚ್ಚುವುದಿಲ್ಲ.

ಅಡ್ಡಿಯಿಲ್ಲದ ಬಯಲಿನಲ್ಲಿ ಸ್ಪೀಕರಿನಿಂದ ನಮ್ಮ ದೂರ ಎರಡರಷ್ಟಾದಾಗ ಧ್ವನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ನಾಲ್ಕು ಮೀಟರ್ ದೂರದ ಸ್ಪೀಕರನ್ನು ಒಂದು ಮೀಟರಿಗೆ ತಂದರೆ ನೇರವಾಗಿ ಬರುವ ಧ್ವನಿ ಸುಮಾರು 12 ಡೆಸಿಬಲ್ ಏರುತ್ತದೆ. ಕೋಣೆಯೊಳಗೆ ಗೋಡೆಗಳ ಪ್ರತಿಫಲನವೂ ಇರುವುದರಿಂದ ಒಟ್ಟು ಏರಿಕೆ ಅಷ್ಟಿರುವುದಿಲ್ಲ. ಆದರೆ ಪ್ರತಿಫಲನಕ್ಕಿಂತ ನೇರ ಧ್ವನಿಯ ಪಾಲು ಹೆಚ್ಚುತ್ತದೆ, ಮಾತು ಬಿಡಿಬಿಡಿಯಾಗಿ ಕೇಳಲು ಬೇಕಾದದ್ದು ಅದೇ. ಇದನ್ನು ತಿಳಿಯದೆ ದುಬಾರಿ ಸ್ಪೀಕರ್ ತಂದು ಮತ್ತೆ ಟಿವಿಯ ಕೆಳಗೇ ಇಡುವವರು ಬಹಳ.

ವೈರ್ ಮೂಲಕ

ಟಿವಿಯ ಹಿಂಭಾಗದಲ್ಲೋ ಪಕ್ಕದಲ್ಲೋ ಹೆಡ್‌ಫೋನ್ ಗುರುತಿನ 3.5 ಮಿಲಿಮೀಟರ್ ತೂತು ಇದ್ದು, ಸ್ಪೀಕರಿನಲ್ಲೂ ‘ಆಕ್ಸ್’ ಎಂಬ ತೂತು ಇದ್ದರೆ ಕೆಲಸ ಬಹುತೇಕ ಮುಗಿದಂತೆ. ಎರಡೂ ತುದಿಗೆ ಪಿನ್ ಇರುವ ಆಕ್ಸ್ ಕೇಬಲ್ ಒಂದು ಸಾಕು. ಪಿನ್ ಚುಚ್ಚಿದಾಗ ಟಿವಿಯ ಸ್ವಂತ ಸ್ಪೀಕರ್ ಸಾಮಾನ್ಯವಾಗಿ ತಾನೇ ಸುಮ್ಮನಾಗುತ್ತದೆ; ಆಗದಿದ್ದರೆ ಸೌಂಡ್ ಮೆನುವಿನಲ್ಲಿ ಔಟ್‌ಪುಟ್ ಬದಲಿಸಬೇಕು. ಟಿವಿಯ ರಿಮೋಟಿನಲ್ಲೇ ವಾಲ್ಯೂಮ್ ಏರಿಸಿ ಇಳಿಸಬಹುದೆಂಬುದು ಈ ದಾರಿಯ ಅನುಕೂಲ. ಸ್ಪೀಕರಿನ ವಾಲ್ಯೂಮನ್ನು ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು, ಉಳಿದದ್ದನ್ನು ರಿಮೋಟಿಗೆ ಬಿಡುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ವೈರಿನಲ್ಲಿ ಬರುವ ಧ್ವನಿ ತಡವಾಗುವುದಿಲ್ಲ. 

ಎಡವುವುದು ತೂತುಗಳ ಗುರುತಿನಲ್ಲಿ. ಟಿವಿಯ ಹಿಂದಿರುವ ಹಳದಿ, ಬಿಳಿ, ಕೆಂಪು ತೂತುಗಳು ಹೆಚ್ಚಾಗಿ ಒಳಬರುವ ಸಂಕೇತಕ್ಕೆ, ಅಂದರೆ ಡಿವಿಡಿ ಪ್ಲೇಯರ್ ಅಥವಾ ಸೆಟ್‌ಟಾಪ್ ಬಾಕ್ಸ್ ಸಿಕ್ಕಿಸುವುದಕ್ಕೆ ಮೀಸಲು. ಅಲ್ಲಿಗೆ ಸ್ಪೀಕರ್ ಚುಚ್ಚಿದರೆ ಏನೂ ಕೇಳದು. ತೆಳು ಟಿವಿಗಳಲ್ಲಿ ಈ ಮೂರು ತೂತುಗಳ ಬದಲು ‘ಎವಿ ಇನ್’ ಎಂಬ ಒಂದೇ 3.5 ಮಿಲಿಮೀಟರ್ ತೂತೂ ಇರುವುದುಂಟು. ಕಣ್ಣಿಗೆ ಅದು ಹೆಡ್‌ಫೋನ್ ತೂತಿನಂತೆಯೇ ಕಾಣುತ್ತದೆ. ಪಕ್ಕದಲ್ಲಿ ಅಚ್ಚಾದ ಅಕ್ಷರ ಓದಿಯೇ ಚುಚ್ಚಬೇಕು. ಸ್ಪೀಕರಿನ ಚಾರ್ಜಿಂಗ್ ವೈರನ್ನು ಟಿವಿಯ ಯುಎಸ್‌ಬಿ ತೂತಿಗೆ ಸಿಕ್ಕಿಸಿ ಧ್ವನಿಗಾಗಿ ಕಾಯುವುದು ಇನ್ನೊಂದು ಸಾಮಾನ್ಯ ತಪ್ಪು. ಆ ದಾರಿಯಲ್ಲಿ ಸಾಮಾನ್ಯವಾಗಿ ಬರುವುದು 5 ವೋಲ್ಟ್ ವಿದ್ಯುತ್ ಮಾತ್ರ. ಸ್ಪೀಕರ್ ಚಾರ್ಜ್ ಆಗುತ್ತದೆ, ಮಾತಾಡುವುದಿಲ್ಲ.

ಟಿವಿಯಲ್ಲಿ ಹೆಡ್‌ಫೋನ್ ತೂತೇ ಇಲ್ಲದಿದ್ದಾಗ ನಮ್ಮ ಮನೆಗಳಲ್ಲಿ ಇನ್ನೊಂದು ದಾರಿಯಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಕೇಬಲ್ ಟಿವಿಯ ಡಿಜಿಟಲೀಕರಣದ ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿನೊಂದಿಗೆ, ಬೆಂಗಳೂರು ಮತ್ತು ಮೈಸೂರಿನಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಮುಂದಿನ ಹಂತಗಳಲ್ಲಿ ಉಳಿದ ಊರುಗಳಿಗೂ ಹಬ್ಬಿತು. ಈ ಬಾಕ್ಸ್‌ಗಳ ಹಿಂದೆ ಹೊರಹೋಗುವ ಎವಿ ತೂತುಗಳಿರುತ್ತವೆ. ಚಿತ್ರ ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಹೋಗುತ್ತಿದ್ದರೂ ಹಲವು ಬಾಕ್ಸ್‌ಗಳಲ್ಲಿ ಬಿಳಿ ಮತ್ತು ಕೆಂಪು ತೂತುಗಳಲ್ಲಿ ಧ್ವನಿ ಬರುತ್ತಲೇ ಇರುತ್ತದೆ. ಒಂದು ತುದಿಯಲ್ಲಿ ಬಿಳಿ ಮತ್ತು ಕೆಂಪು ಪಿನ್, ಇನ್ನೊಂದರಲ್ಲಿ 3.5 ಮಿಲಿಮೀಟರ್ ಪಿನ್ ಇರುವ ಕೇಬಲ್ ತಂದು ಸ್ಪೀಕರಿಗೆ ಜೋಡಿಸಿ, ಟಿವಿಯನ್ನು ಮ್ಯೂಟ್ ಮಾಡಿದರೆ ಆಯಿತು. ಆಗ ವಾಲ್ಯೂಮ್ ಬದಲಿಸಬೇಕಾದದ್ದು ಬಾಕ್ಸಿನ ರಿಮೋಟಿನಲ್ಲಿ. ಟಿವಿಯೊಳಗಿನ ಯೂಟ್ಯೂಬ್ ಧ್ವನಿ ಈ ದಾರಿಗೆ ಬರುವುದಿಲ್ಲವೆಂಬುದು ಇದರ ಮಿತಿ.

ಮೂರನೆಯದು ಆಪ್ಟಿಕಲ್ ತೂತು. ತೋಷಿಬಾ ಕಂಪನಿ 1983ರಲ್ಲಿ ತಂದ ಟಾಸ್‌ಲಿಂಕ್ ಇದು. ಕೆಂಪು ಬೆಳಕಿನ ಮಿಣುಕುಗಳಲ್ಲಿ ಡಿಜಿಟಲ್ ಧ್ವನಿ ಸಾಗುತ್ತದೆ. ಪೋರ್ಟಬಲ್ ಸ್ಪೀಕರ್‌ಗಳಲ್ಲಿ ಆಪ್ಟಿಕಲ್ ತೂತು ಇರುವುದು ತೀರ ಅಪರೂಪ. ಹಾಗಾಗಿ ನಡುವೆ ಡ್ಯಾಕ್ ಎಂಬ ಸಣ್ಣ ಪೆಟ್ಟಿಗೆ ಬೇಕು. ಅದು ಡಿಜಿಟಲ್ ಸಂಕೇತವನ್ನು ಆಕ್ಸ್‌ಗೆ ಒಗ್ಗುವ ಅನಲಾಗ್ ಸಂಕೇತವಾಗಿ ಬದಲಿಸುತ್ತದೆ. ಎಲ್ಲ ಸರಿಯಾಗಿ ಜೋಡಿಸಿದರೂ ಸದ್ದು ಬಾರದಿದ್ದರೆ ಟಿವಿಯ ಡಿಜಿಟಲ್ ಔಟ್‌ಪುಟ್ ಡಾಲ್ಬಿಯಲ್ಲಿದೆಯೇ ನೋಡಬೇಕು. ಅಗ್ಗದ ಡ್ಯಾಕ್‌ಗಳಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ. ಟಿವಿಯ ಔಟ್‌ಪುಟ್ಟನ್ನು ಪಿಸಿಎಂ ಎಂಬ ಆಯ್ಕೆಗೆ ಬದಲಿಸಿದ ಕೂಡಲೇ ಧ್ವನಿ ಬರುತ್ತದೆ. ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲಿನಲ್ಲೇ ಹೊರಗೆ ಕಳಿಸುವ ಎಆರ್‌ಸಿ 2009ರಲ್ಲಿ ಎಚ್‌ಡಿಎಂಐ 1.4ರೊಂದಿಗೆ ಬಂದ ಒಳ್ಳೆಯ ವ್ಯವಸ್ಥೆಯಾದರೂ ಅದು ಸೌಂಡ್‌ಬಾರ್‌ಗಳ ದಾರಿ, ಪೋರ್ಟಬಲ್ ಸ್ಪೀಕರಿಗೆ ನೇರ ಉಪಯೋಗವಿಲ್ಲ.

ವೈರಿನ ಜೋಡಣೆಯಲ್ಲಿ ‘ಗುಂಯ್’ ಎನ್ನುವ ಸದ್ದು ಕಾಡುವುದುಂಟು. ಟಿವಿ ಒಂದು ಪ್ಲಗ್ಗಿನಲ್ಲಿ, ಸ್ಪೀಕರಿನ ಚಾರ್ಜರ್ ಇನ್ನೊಂದರಲ್ಲಿ ಇದ್ದು, ಆಕ್ಸ್ ಕೇಬಲ್ ಎರಡನ್ನೂ ಬೆಸೆದಾಗ 50 ಹರ್ಟ್ಸ್ ವಿದ್ಯುತ್ತಿನ ಗುಂಗು ಧ್ವನಿಯೊಳಗೆ ನುಸುಳುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿದರೆ ಸಾಮಾನ್ಯವಾಗಿ ಅದು ನಿಂತುಹೋಗುತ್ತದೆ.

ಬೇಸರದ ಸಂಗತಿಯೆಂದರೆ ತಯಾರಕರು ಆಕ್ಸ್ ತೂತನ್ನು ಒಂದೊಂದಾಗಿ ಕೈಬಿಡುತ್ತಿದ್ದಾರೆ. ಜೆಬಿಎಲ್ ಫ್ಲಿಪ್ 4ರಲ್ಲಿ ಇದ್ದ ಆಕ್ಸ್ 2019ರ ಫ್ಲಿಪ್ 5ರಲ್ಲಿ ಇಲ್ಲ. ಚಾರ್ಜ್ 4ರಲ್ಲಿ ಇದ್ದದ್ದು ಚಾರ್ಜ್ 5ರಲ್ಲಿ ಇಲ್ಲ. ಫೋನುಗಳಿಂದ ಹೆಡ್‌ಫೋನ್ ತೂತು ಮರೆಯಾಗತೊಡಗಿದ ಮೇಲೆ ಸ್ಪೀಕರಿಗೂ ಅದು ಬೇಡವೆಂದು ಅವರು ತೀರ್ಮಾನಿಸಿದಂತಿದೆ. ಟಿವಿಗೂ ಬಳಸುವ ಉದ್ದೇಶವಿದ್ದರೆ, ಅಂಗಡಿಯಲ್ಲಿ ಬಣ್ಣ ಮತ್ತು ಬಾಸ್ ನೋಡುವ ಮೊದಲು ಆಕ್ಸ್ ಇದೆಯೇ ಎಂದು ಕೇಳುವುದು ಜಾಣತನ.

ಬ್ಲೂಟೂತ್ ಮೂಲಕ

ಬ್ಲೂಟೂತ್ ಹುಟ್ಟಿದ್ದು ಸ್ವೀಡನ್ನಿನ ಲುಂಡ್ ನಗರದಲ್ಲಿ, ಎರಿಕ್ಸನ್ ಕಂಪನಿಯಲ್ಲಿ. 1994ರಲ್ಲಿ ಆರಂಭವಾದ ಈ ಕೆಲಸದಲ್ಲಿ ಡಚ್ ಎಂಜಿನಿಯರ್ ಯಾಪ್ ಹಾರ್ಟ್ಸೆನ್ ಪ್ರಮುಖರು. 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಸೇರಿ ಇದರ ಒಕ್ಕೂಟ ಕಟ್ಟಿದವು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು 79 ಚಾನೆಲ್‌ಗಳಾಗಿ ಹಂಚಿಕೊಂಡು, ಸೆಕೆಂಡಿಗೆ 1,600 ಬಾರಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ ಸಂಕೇತ ಕಳಿಸುವುದು ಇದರ ಮೂಲ ಕ್ರಮ. ಅದೇ ಪಟ್ಟಿಯಲ್ಲಿ ವೈಫೈ ಮತ್ತು ಮೈಕ್ರೋವೇವ್ ಓವನ್‌ಗಳೂ ಇರುವುದರಿಂದ ಈ ಜಿಗಿತ ಬೇಕಾಯಿತು. ಸ್ಟೀರಿಯೋ ಧ್ವನಿಗೆ ಬೇಕಾದ ಎ2ಡಿಪಿ ಎಂಬ ನಿಯಮಾವಳಿ ಬಂದದ್ದು 2003ರಲ್ಲಿ.

ಜೋಡಣೆಯ ಕ್ರಮ ಸರಳ. ಸ್ಪೀಕರಿನ ಬ್ಲೂಟೂತ್ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿಹಿಡಿಯಬೇಕು. ಅದು ಪೇರಿಂಗ್‌ಗೆ ಸಿದ್ಧವಾದ ಗುರುತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳಲ್ಲಿ ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಧ್ವನಿ ಹೊರಹೋಗುವ ದಾರಿಯಾಗಿ ಬ್ಲೂಟೂತ್ ಆರಿಸಿದರೆ ಸ್ಪೀಕರಿನ ಹೆಸರು ಕಾಣುತ್ತದೆ. ಆಂಡ್ರಾಯ್ಡ್ ಟಿವಿಗಳಲ್ಲಿ ಸೆಟ್ಟಿಂಗ್ಸ್‌ನ ರಿಮೋಟ್ ಮತ್ತು ಆಕ್ಸೆಸರಿಗಳ ವಿಭಾಗಕ್ಕೆ ಹೋಗಿ ಹೊಸದನ್ನು ಸೇರಿಸಬೇಕು. ಟಿವಿಯಲ್ಲಿ ಬ್ಲೂಟೂತ್ ಇದೆಯೆಂದ ಮಾತ್ರಕ್ಕೆ ಧ್ವನಿ ಹೋಗುತ್ತದೆಂದು ಖಚಿತವಿಲ್ಲ. ಕೆಲವು ಟಿವಿಗಳಲ್ಲಿ ಅದು ರಿಮೋಟಿಗಾಗಿ ಮಾತ್ರ ಇರುತ್ತದೆ. ಫೈರ್ ಟಿವಿ ಸ್ಟಿಕ್‌ನಂಥ ಕಡ್ಡಿಗೂ ಸ್ಪೀಕರ್ ಜೋಡಿಸಬಹುದು, ಆದರೆ ಆಗ ಕೇಳುವುದು ಆ ಕಡ್ಡಿಯಿಂದ ಬರುವ ಕಾರ್ಯಕ್ರಮಗಳ ಧ್ವನಿಯಷ್ಟೇ. ಸೆಟ್‌ಟಾಪ್ ಬಾಕ್ಸಿಗೆ ಬದಲಿಸಿದ ಕೂಡಲೇ ಸ್ಪೀಕರ್ ಮೌನವಾಗುತ್ತದೆ.

ಟಿವಿಯಲ್ಲಿ ಸ್ಪೀಕರಿನ ಹೆಸರೇ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮನೆಯ ಫೋನುಗಳನ್ನು. ಸ್ಪೀಕರ್ ಆನ್ ಆದೊಡನೆ ತನಗೆ ಪರಿಚಯವಿರುವ ಫೋನಿಗೆ ಹೋಗಿ ಅಂಟಿಕೊಳ್ಳುತ್ತದೆ, ಟಿವಿಗೆ ಸಿಗುವುದಿಲ್ಲ. ಆ ಫೋನಿನ ಬ್ಲೂಟೂತ್ ಆಫ್ ಮಾಡಿ ಮತ್ತೆ ಪ್ರಯತ್ನಿಸಿದರೆ ಸಾಮಾನ್ಯವಾಗಿ ಸಿಗುತ್ತದೆ.

ಬ್ಲೂಟೂತ್ ಇಲ್ಲದ ಟಿವಿಗೆ ಹೊರಗಿನಿಂದ ಟ್ರಾನ್ಸ್‌ಮಿಟರ್ ಸೇರಿಸಬಹುದು. ಬೆರಳುದ್ದದ ಈ ಸಾಧನ ಹೆಡ್‌ಫೋನ್ ಅಥವಾ ಆಪ್ಟಿಕಲ್ ತೂತಿನಿಂದ ಧ್ವನಿ ತೆಗೆದುಕೊಂಡು, ಟಿವಿಯ ಯುಎಸ್‌ಬಿಯಿಂದ ವಿದ್ಯುತ್ ಪಡೆಯುತ್ತದೆ. ಕೊಳ್ಳುವಾಗ ಎಚ್ಚರ ಬೇಕು. ಅಂಗಡಿಗಳಲ್ಲಿ ‘ಬ್ಲೂಟೂತ್ ಅಡಾಪ್ಟರ್’ ಎಂದು ಅಗ್ಗಕ್ಕೆ ಸಿಗುವವುಗಳಲ್ಲಿ ಬಹಳಷ್ಟು ರಿಸೀವರ್‌ಗಳು. ಹಳೆಯ ಕಾರ್ ಸ್ಟೀರಿಯೋಗೆ ಫೋನಿನ ಹಾಡು ತರಲು ಮಾಡಿದವು. ಟಿವಿಗೆ ಬೇಕಾದದ್ದು ಕಳಿಸುವ ಸಾಧನ. ಕೆಲವುಗಳಲ್ಲಿ ಎರಡೂ ಇದ್ದು, ಟಿಎಕ್ಸ್ ಮತ್ತು ಆರ್‌ಎಕ್ಸ್ ಎಂದು ಬದಲಿಸುವ ಸ್ವಿಚ್ ಇರುತ್ತದೆ, ಅದು ಟಿಎಕ್ಸ್‌ನಲ್ಲಿರಬೇಕು.

ತುಟಿಗೂ ಮಾತಿಗೂ ಹೊಂದಿಕೆ

ಈ ಇಡೀ ವಿಷಯದ ತಿರುಳು ಇಲ್ಲಿದೆ. ಬ್ಲೂಟೂತ್ ಜೋಡಿಸಿ ಯಕ್ಷಗಾನದ ನೇರ ಪ್ರಸಾರ ಹಾಕಿದಾಗ ಚೆಂಡೆಯ ಮೇಲೆ ಕೋಲು ಬೀಳುವುದು ಮೊದಲು ಕಾಣುತ್ತದೆ, ಪೆಟ್ಟಿನ ಸದ್ದು ಆಮೇಲೆ ಬರುತ್ತದೆ. ಕ್ರಿಕೆಟಿನಲ್ಲಿ ಚೆಂಡು ಬ್ಯಾಟಿನಿಂದ ಹೊರಟ ಮೇಲೆ ‘ಟಕ್’ ಎನ್ನುತ್ತದೆ. ವಾರ್ತಾವಾಚಕರ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ.

ತಡವಾಗುವ ಕಾರಣ ಹೀಗಿದೆ. ಟಿವಿ ಧ್ವನಿಯನ್ನು ಮೊದಲು ಕುಗ್ಗಿಸಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟುತ್ತದೆ. ಎಲ್ಲ ಸಾಧನಗಳಿಗೂ ಕಡ್ಡಾಯವಾದ ಎಸ್‌ಬಿಸಿ ಎಂಬ ಕುಗ್ಗಿಸುವ ವಿಧಾನಕ್ಕೆ ಹಿಡಿಯುವ ಹೊತ್ತು ಹೆಚ್ಚೇನಲ್ಲ. ಆದರೆ ಗಾಳಿಯಲ್ಲಿ ಹೋಗುವ ಪೊಟ್ಟಣಗಳು ನಡುವೆ ಕಳೆದುಹೋಗುತ್ತವೆ, ಮತ್ತೆ ಕಳಿಸಬೇಕಾಗುತ್ತದೆ. ಅಷ್ಟರಲ್ಲಿ ಹಾಡು ತುಂಡಾಗದಿರಲೆಂದು ಸ್ಪೀಕರ್ ಒಂದಷ್ಟನ್ನು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಹೆಚ್ಚಿನ ತಡ ಈ ಕೂಡಿಡುವಿಕೆಯದೇ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡ್ ಆಗುತ್ತದೆ. ಬರೀ ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ, ಚಿತ್ರ ಸೇರಿದಾಗಲೇ ತೊಂದರೆ.

ಎಷ್ಟು ತಡವನ್ನು ಮನುಷ್ಯ ಸಹಿಸುತ್ತಾನೆಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರ ಶಿಫಾರಸಿನಲ್ಲಿ ಲೆಕ್ಕ ಕೊಟ್ಟಿದೆ. ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ಅಥವಾ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರು ಗುರುತಿಸತೊಡಗುತ್ತಾರೆ. 90 ಮುಂದೆ ಅಥವಾ 185 ಹಿಂದೆ ಆದರೆ ಒಪ್ಪುವುದಿಲ್ಲ. ಯುರೋಪಿನ ಪ್ರಸಾರ ಒಕ್ಕೂಟ ಪ್ರಸಾರಕರಿಗೆ ಹಾಕಿದ ಗೆರೆ ಇನ್ನೂ ಬಿಗಿ: 40 ಮುಂದೆ, 60 ಹಿಂದೆ. ಧ್ವನಿ ಹಿಂದೆ ಬಿದ್ದರೆ ನಾವು ಹೆಚ್ಚು ತಾಳಿಕೊಳ್ಳುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಸಾಗುತ್ತದೆ. ಮೈಕ್ ಇಲ್ಲದ ಬಯಲಾಟದಲ್ಲಿ ರಂಗಸ್ಥಳದಿಂದ 34 ಮೀಟರ್ ದೂರ ಕೂತವರಿಗೆ ಚೆಂಡೆಯ ಸದ್ದು 100 ಮಿಲಿಸೆಕೆಂಡ್ ತಡವಾಗಿಯೇ ತಲುಪುತ್ತದೆ. ಕಣ್ಣಿಗೆ ಕಂಡ ಮೇಲೆ ಕಿವಿಗೆ ಕೇಳುವುದು ನಿಸರ್ಗದಲ್ಲಿ ದಿನನಿತ್ಯದ ಅನುಭವ. ಕಾಣುವ ಮೊದಲೇ ಕೇಳುವುದು ಎಲ್ಲೂ ಇಲ್ಲ. ಈ ಲೆಕ್ಕದಲ್ಲಿ ನೋಡಿದರೆ ಬ್ಲೂಟೂತ್‌ನ ತಡ ಸಹನೆಯ ಗಡಿಯಲ್ಲೇ ಓಡಾಡುತ್ತಿರುತ್ತದೆ. ಅದಕ್ಕೇ ಒಂದೇ ಸ್ಪೀಕರ್ ಒಬ್ಬರಿಗೆ ಸರಿಯೆನಿಸಿ ಇನ್ನೊಬ್ಬರಿಗೆ ಕಿರಿಕಿರಿಯಾಗುವುದು.

ಟಿವಿಯ ಸೆಟ್ಟಿಂಗ್ಸ್‌ನಲ್ಲಿರುವ ಎವಿ ಸಿಂಕ್ ಅಥವಾ ಆಡಿಯೋ ಡಿಲೇ ಇದಕ್ಕೆ ಮದ್ದೆಂದು ಹಲವರು ನಂಬಿದ್ದಾರೆ. ಹಲವು ಟಿವಿಗಳಲ್ಲಿ ಅದು ಧ್ವನಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಬಲ್ಲದು ಅಷ್ಟೆ. ಆಗಲೇ ತಡವಾದ ಧ್ವನಿಯನ್ನು ಮುಂದಕ್ಕೆ ಎಳೆಯಲಾರದು. ಸರಿಹೋಗಬೇಕಾದರೆ ಚಿತ್ರವೇ ಕಾಯಬೇಕು. ಟಿವಿಯೊಳಗಿನ ಆ್ಯಪ್‌ಗಳು ಇದನ್ನು ಮಾಡಬಲ್ಲವು: ಸ್ಪೀಕರಿನ ತಡ ಎಷ್ಟೆಂದು ತಿಳಿದು ಅಷ್ಟು ಹೊತ್ತು ಚಿತ್ರವನ್ನು ತಡೆಹಿಡಿಯುತ್ತವೆ. ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಬರುವ ಚಿತ್ರಕ್ಕೆ ಸಾಮಾನ್ಯವಾಗಿ ಈ ಅನುಕೂಲ ಸಿಗುವುದಿಲ್ಲ. ಅದೇ ಟಿವಿ, ಅದೇ ಸ್ಪೀಕರ್. ಯೂಟ್ಯೂಬಿನ ಸಿನಿಮಾ ಸರಿಯಾಗಿದ್ದು ಕೇಬಲ್ಲಿನ ಧಾರಾವಾಹಿ ತಪ್ಪುವುದು ಈ ಕಾರಣಕ್ಕೆ. ಗೇಮ್ ಮೋಡ್ ಆನ್ ಇದ್ದರೆ ಚಿತ್ರ ಇನ್ನೂ ಬೇಗ ಬಂದು ಅಂತರ ಹೆಚ್ಚುತ್ತದೆ. ಕಾರ್ಯಕ್ರಮ ನೋಡುವ ಹೊತ್ತಿನಲ್ಲಿ ಅದನ್ನು ಆಫ್ ಮಾಡಿಡಬೇಕು.

ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬ ವಿಧಾನ ತಡವನ್ನು ಸುಮಾರು 40 ಮಿಲಿಸೆಕೆಂಡಿಗೆ ಇಳಿಸುತ್ತದೆ. ಕಳಿಸುವ ಮತ್ತು ಪಡೆಯುವ ಎರಡೂ ಕಡೆ ಅದು ಇರಲೇಬೇಕು. ಒಂದು ಕಡೆ ಇಲ್ಲದಿದ್ದರೂ ಜೋಡಣೆ ಮೌನವಾಗಿ ಎಸ್‌ಬಿಸಿಗೆ ಮರಳುತ್ತದೆ. ಟ್ರಾನ್ಸ್‌ಮಿಟರಿನ ಡಬ್ಬಿಯ ಮೇಲೆ ಅದರ ಹೆಸರು ನೋಡಿ ಹೆಚ್ಚು ಹಣ ಕೊಡುವ ಮೊದಲು ನಿಮ್ಮ ಸ್ಪೀಕರಿನಲ್ಲಿ ಅದು ಇದೆಯೇ ಎಂದು ನೋಡಿಕೊಳ್ಳಿ. 2020ರಲ್ಲಿ ಪ್ರಕಟವಾದ ಎಲ್‌ಇ ಆಡಿಯೋ ಬ್ಲೂಟೂತ್‌ನ ಮುಂದಿನ ಹೆಜ್ಜೆ. ಅದರ ಎಲ್‌ಸಿ3 ವಿಧಾನ ಕಡಿಮೆ ತಡಕ್ಕೆಂದೂ ಯೋಚಿಸಿ ರೂಪಿಸಿದ್ದು. ಅದರ ಭಾಗವಾದ ಆರಾಕಾಸ್ಟ್‌ನಿಂದ ಒಂದೇ ಟಿವಿಯ ಧ್ವನಿಯನ್ನು ಹಲವು ಸ್ಪೀಕರ್‌ಗಳು, ಶ್ರವಣ ಸಾಧನಗಳು ಒಟ್ಟಿಗೆ ಪಡೆಯಬಹುದು. ಇದು ಸಾಮಾನ್ಯ ಬೆಲೆಯ ಟಿವಿಗಳಿಗೂ ಬೇಗ ಇಳಿಯಬೇಕಾದ ಸೌಲಭ್ಯ.

ಟಿವಿಯ ಸ್ಪೀಕರ್ ಮತ್ತು ಬ್ಲೂಟೂತ್ ಸ್ಪೀಕರ್ ಎರಡನ್ನೂ ಒಟ್ಟಿಗೆ ನುಡಿಸುವ ಆಯ್ಕೆ ಕೆಲವು ಟಿವಿಗಳಲ್ಲಿದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದಂತೆ, ಒಂದೇ ಧ್ವನಿ ಎರಡು ಕಡೆಯಿಂದ ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದರೆ ಕಿವಿ ಅದನ್ನು ಒಂದೆಂದೇ ಕೇಳುತ್ತದೆ. ಬ್ಲೂಟೂತ್‌ನ ತಡ ಅದನ್ನು ಎಷ್ಟೋ ಮೀರಿದ್ದು. ಟಿವಿಯೇ ತನ್ನ ಧ್ವನಿಯನ್ನು ತಡೆದು ಹೊಂದಿಸದಿದ್ದರೆ ಪ್ರತಿ ಮಾತೂ ಎರಡು ಸಲ ಕೇಳುತ್ತದೆ.

ಬಳಕೆಯಲ್ಲಿ

ಹಲವು ಪೋರ್ಟಬಲ್ ಸ್ಪೀಕರ್‌ಗಳು ಎಡ ಮತ್ತು ಬಲ ಧ್ವನಿಗಳನ್ನು ಬೆರೆಸಿ ಒಂದೇ ಆಗಿ ನುಡಿಸುತ್ತವೆ. ಮಾತಿಗೆ ಇದರಿಂದ ನಷ್ಟವಿಲ್ಲ. ಬಾಸ್ ಹೆಚ್ಚಿಸುವ ಸೆಟ್ಟಿಂಗನ್ನು ಮಾತ್ರ ಟಿವಿ ನೋಡುವಾಗ ತೆಗೆದಿಡಬೇಕು. ಅದು ವ್ಯಂಜನಗಳನ್ನು ಮುಚ್ಚಿಹಾಕುತ್ತದೆ. ಸದ್ದಿಲ್ಲದೆ ಕೆಲ ನಿಮಿಷ ಕಳೆದರೆ ಸ್ಪೀಕರ್ ತಾನೇ ಆರುವುದು ಬ್ಯಾಟರಿ ಉಳಿಸುವ ಏರ್ಪಾಡು, ಕೆಟ್ಟಿರುವ ಲಕ್ಷಣವಲ್ಲ. ದಿನವಿಡೀ ಚಾರ್ಜರಿನಲ್ಲೇ, ಅದರಲ್ಲೂ ಬಿಸಿಯಲ್ಲಿ ಇಟ್ಟರೆ ಲಿಥಿಯಂ ಬ್ಯಾಟರಿಯ ಆಯಸ್ಸು ತಗ್ಗುತ್ತದೆ. ರಾತ್ರಿ ಹೊತ್ತು ನೆರೆಯವರ ಗೋಡೆಗೆ ಒರಗಿಸಿ ಇಡಬಾರದು. ಭಾರತದ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್, ಹಗಲಿಗೆ 55 ಡೆಸಿಬಲ್ ಮಿತಿಯಿದೆ. ಸ್ಪೀಕರ್ ಹತ್ತಿರವಿದ್ದರೆ ಅಷ್ಟು ಗಟ್ಟಿಯಾಗಿ ಹಾಕುವ ಅಗತ್ಯವೂ ಬೀಳುವುದಿಲ್ಲ.

ವಾರ್ತೆ, ಧಾರಾವಾಹಿ, ಕ್ರಿಕೆಟ್ ನೋಡುವ ಮನೆಗೆ ಐದು ಮೀಟರಿನ ಆಕ್ಸ್ ಕೇಬಲ್ಲೇ ಅತ್ಯುತ್ತಮ ಜೋಡಣೆ. ಅದರ ದಾರಿ ಇಲ್ಲದಿದ್ದಾಗ ಕಡಿಮೆ ತಡದ ಟ್ರಾನ್ಸ್‌ಮಿಟರ್, ಕೊನೆಗೆ ಸಾಮಾನ್ಯ ಬ್ಲೂಟೂತ್. ಕಿವಿ ಮಂದವಾದ ಹಿರಿಯರು ಮನೆಯಲ್ಲಿದ್ದರೆ ಸ್ಪೀಕರನ್ನು ಅವರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ, ಕಿವಿಯ ಎತ್ತರಕ್ಕೆ ಇಡಿ. ಅಷ್ಟಾದರೂ ಮಾತು ತಿಳಿಯುವುದಿಲ್ಲ ಎಂದು ಅವರು ಹೇಳಿದರೆ ಟಿವಿಯ ಚಿಂತೆ ಬಿಟ್ಟು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಹೊರರೋಗಿ ವಿಭಾಗವಿದೆ.